ಮಾಸ್ಕ್ ಇದೆ, ಕಿಟಕಿ ತೆರೆದಿದೆಯೇ?

ಮಾಸ್ಕ್ ಹಾಕಿದ್ದೇವೆ, ಆರಡಿ ದೂರ ಕೂತಿದ್ದೇವೆ, ಇನ್ನೇನು ಭಯ ಅನ್ನುತ್ತೀರಲ್ಲ, ಸ್ವಲ್ಪ ತಾಳಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ಆರಡಿಯೊಂದೇ ನಿಮ್ಮನ್ನು ಕಾಯುವುದಿಲ್ಲ. ಕೆಮ್ಮಿದಾಗ ಸಿಡಿಯುವ ದಪ್ಪ ಹನಿಗಳು ಬೇಗ ನೆಲ ಸೇರುತ್ತವೆ, ನಿಜ. ಮಾತಾಡುವಾಗ, ಹಾಡುವಾಗ ಹೊರಡುವ ಸೂಕ್ಷ್ಮ ಕಣಗಳು ಮಾತ್ರ ಊದುಬತ್ತಿಯ ಹೊಗೆಯಂತೆ ತೇಲುತ್ತಾ ಕೋಣೆಯನ್ನೆಲ್ಲ ತುಂಬುತ್ತವೆ. 2020ರ ಮಾರ್ಚಿನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯಲ್ಲಿ 61 ಮಂದಿ ಸೇರಿ ಎರಡೂವರೆ ಗಂಟೆ ಸಮೂಹಗಾನ ಅಭ್ಯಾಸ ಮಾಡಿದರು. ಖಚಿತವಾದವು, ಶಂಕಿತವಾದವು ಸೇರಿ 53 ಮಂದಿಗೆ ಕೋವಿಡ್, ಇಬ್ಬರು ತೀರಿಕೊಂಡರು.

ಹಾಗಂತ ಮಾಸ್ಕ್ ದಂಡ ಎಂದು ಮೂಲೆಗೆಸೆಯಬೇಡಿ. ಬಾಂಗ್ಲಾದೇಶದ ಸುಮಾರು 600 ಹಳ್ಳಿಗಳಲ್ಲಿ ನಡೆದ ಪ್ರಯೋಗ ನೋಡಿ. ಮಾಸ್ಕ್ ಹಂಚಿ, ತಿಳಿಹೇಳಿದ ಊರುಗಳಲ್ಲೂ ಅದನ್ನು ಸರಿಯಾಗಿ ತೊಟ್ಟವರು ನೂರಕ್ಕೆ 42 ಮಂದಿ ಅಷ್ಟೇ. ಅಷ್ಟಕ್ಕೇ, ಸರ್ಜಿಕಲ್ ಮಾಸ್ಕ್ ಕೊಟ್ಟ ಕಡೆ ಲಕ್ಷಣವಿದ್ದ ಸೋಂಕು ಶೇ. 11ರಷ್ಟು ಇಳಿಯಿತು, ಅರುವತ್ತು ದಾಟಿದವರಲ್ಲಿ ಇಳಿಕೆ ಶೇ. 35. ಬಟ್ಟೆ ಮಾಸ್ಕಿನಿಂದ ಇಷ್ಟು ಸ್ಪಷ್ಟ ಲಾಭ ಕಾಣಲಿಲ್ಲ.

ಆದ್ದರಿಂದ ಮೂಗು ಹೊರಗಿಟ್ಟು ಬಾಯಿ ಮಾತ್ರ ಮುಚ್ಚುವ ಅಭ್ಯಾಸ ಬಿಡಿ. ಮೇಲಿನ ತಂತಿಯನ್ನು ಮೂಗಿನ ಮೇಲೆ ಒತ್ತಿ ಕೂರಿಸಿ. ಫೋನ್ ಬಂತೆಂದು ಗಲ್ಲಕ್ಕೆ ಎಳೆದುಕೊಳ್ಳಬೇಡಿ, ಮಾತಾಡುವಾಗಲೇ ಅದು ಹೆಚ್ಚು ಬೇಕು. ಆಸ್ಪತ್ರೆಗೆ ಹೋಗುವಾಗ ಬಿಗಿಯಾಗಿ ಕೂರುವ ಎನ್-95 ಇರಲಿ. ನೆಂಟರು ಬಂದಾಗ ಕಿಟಕಿಗಳನ್ನು ತೆರೆದಿಡಿ. ನೆಗಡಿ, ಜ್ವರ ನಿಮಗೇ ಇದ್ದರೆ, ದಯವಿಟ್ಟು ಮನೆಯ ಹಿರಿಯರ ಬಳಿ ಮಾಸ್ಕ್ ಇಲ್ಲದೆ ಕೂರಬೇಡಿ.