ಊರು ಬಿಟ್ಟವನ ವಿಳಾಸ

ಪತ್ರದ ಮೇಲೆ ವಿಳಾಸವನ್ನು ಬರೆಯುವಾಗ ನಾವು ಒಂದು ಸಂಗತಿಯನ್ನು ವಿಚಾರಮಾಡದೆಯೇ ಒಪ್ಪಿಕೊಂಡಿರುತ್ತೇವೆ. ಪತ್ರವನ್ನು ಪಡೆಯತಕ್ಕವರು ಒಂದು ಊರಿನ ಒಂದು ಬೀದಿಯ ಒಂದು ಮನೆಯಲ್ಲಿ ನೆಲೆಯಾಗಿ ಇರುವರೆಂಬುದೇ ಆ ಸಂಗತಿ. ಅಂಚೆಯವನು ಮನುಷ್ಯನನ್ನು ಹುಡುಕಿಕೊಂಡು ಹೊರಡುವುದಿಲ್ಲ. ಮನೆಯನ್ನು ಹುಡುಕಿಕೊಂಡು ಹೊರಡುತ್ತಾನೆ. ಮನೆಯನ್ನೇ ಬಿಟ್ಟು ಹೊರಟವನು ಅವನಿಗೆ ಸಿಕ್ಕುವುದೆಲ್ಲಿ? ಇದು ವಿನೋದದ ಪ್ರಶ್ನೆಯಲ್ಲ. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ತಾಲ್ಲೂಕುಗಳಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತವೆ. ಊರಿನಲ್ಲಿ ಉಳಿದ ಮುದುಕರೂ ಮಕ್ಕಳೂ ಅವರ ಒಂದು ಮಾತಿಗಾಗಿ ಕಾಯುತ್ತಿರುತ್ತಾರೆ. ಒಂದು ಕಟ್ಟಡ ಮುಗಿದೊಡನೆ ಇನ್ನೊಂದಕ್ಕೆ ಹೋಗುವ ಗಾರೆಕೆಲಸದವನಿಗೆ ಯಾವ ವಿಳಾಸಕ್ಕೆ ಪತ್ರ ಬರೆಯಬೇಕು?

ಪರಸ್ಥಳದ ಅಂಚೆಯ ತೊಡಕನ್ನು ತಿಳಿಯುವುದಕ್ಕೆ ಕಡಲನ್ನು ದಾಟಬೇಕಾಗಿಯೂ ಇಲ್ಲ. 1871ರಲ್ಲಿ ಮುಂಬಯಿಯ ಕಡೆಯ ರೈಲುಮಾರ್ಗವೂ ಮದರಾಸಿನ ಕಡೆಯ ರೈಲುಮಾರ್ಗವೂ ರಾಯಚೂರಿನಲ್ಲಿ ಬಂದು ಕೂಡಿದವು. ಆ ನಿಲ್ದಾಣದಲ್ಲಿ ಇಳಿದ ಮುಂಬಯಿಯ ಪ್ರಯಾಣಿಕನು ನಿಜಾಮರ ಸೀಮೆಯಲ್ಲಿ ಕಾಲಿಟ್ಟಂತಾಯಿತು. ಅಲ್ಲಿನ ನಾಣ್ಯವೇ ಬೇರೆ. 6 ಇಂಡಿಯಾ ರೂಪಾಯಿಗೆ ಸುಮಾರು 7 ಹಾಲಿ ಸಿಕ್ಕಾ ರೂಪಾಯಿಗಳು. ನಿಜಾಮರ ಸರಕಾರವು 1869ರಿಂದಲೇ ತನ್ನದಾದ ಅಂಚೆಚೀಟಿಗಳನ್ನು ಹೊರಡಿಸಿತ್ತು. ಅವು ಸಲ್ಲುತ್ತಿದ್ದುದು ಸಂಸ್ಥಾನದ ಒಳಗೆ ಮಾತ್ರ. ರಾಯಚೂರಿನಿಂದ ಮಾನ್ವಿಗೆ ಬರೆದ ಪತ್ರಕ್ಕೆ ಒಂದು ಚೀಟಿಯಾದರೆ, ತುಂಗಭದ್ರೆಯ ಆಚೆಯ ಆದವಾನಿಗೆ ಬರೆದುದಕ್ಕೆ ಇನ್ನೊಂದು! ಹೊರಗಿನ ಪತ್ರವ್ಯವಹಾರಕ್ಕಾಗಿ ಸಂಸ್ಥಾನದೊಳಗೆ ಬ್ರಿಟಿಷ್ ಇಂಡಿಯಾದ ಅಂಚೆಕಚೇರಿಗಳು ಬೇರೆಯಾಗಿಯೇ ಇದ್ದವು. 1948ರಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1950ರಲ್ಲಿ ಅದರ ಅಂಚೆಯೂ ಭಾರತದ ಅಂಚೆಯಲ್ಲಿ ಲೀನವಾಯಿತು.

ರಾಯಚೂರಿನಲ್ಲಿ ಎರಡು ಅಂಚೆಗಳ ನಡುವೆ ಇದ್ದ ಈ ತೊಡಕು, ಒಂದು ಕಾಲಕ್ಕೆ ಜಗತ್ತಿನ ಎಲ್ಲ ದೇಶಗಳ ನಡುವೆಯೂ ಇದ್ದಿತು. ಪತ್ರವು ದಾಟುವ ಒಂದೊಂದು ದೇಶವೂ ತನ್ನ ಪಾಲಿನ ಹಣವನ್ನು ಕೇಳುತ್ತಿತ್ತು. 1874ರ ಅಕ್ಟೋಬರ್ 9ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಆದ ಒಪ್ಪಂದವು ಈ ಜಂಜಡವನ್ನು ನೀಗಿಸಿತು. ಭಾರತವು 1876ರಲ್ಲಿ ಆ ಒಕ್ಕೂಟವನ್ನು ಸೇರಿತು. ಪತ್ರವು ಹೊರಡುವ ದೇಶದ ಚೀಟಿಯೊಂದನ್ನು ಹಚ್ಚಿದರೆ ಸಾಕು, ದಾರಿಯ ಮತ್ತು ಕೊನೆಯ ದೇಶಗಳು ಅದನ್ನು ಮನ್ನಿಸುವುವು. ವಿದೇಶಕ್ಕೆ ಹೋಗುವ ವಿದ್ಯಾರ್ಥಿಯು ಇದರ ಇನ್ನೊಂದು ಮುಖವನ್ನೂ ತಿಳಿದಿರಬೇಕು. ಊರಿನಿಂದ ಕೊಂಡೊಯ್ದ ಭಾರತದ ಅಂಚೆಚೀಟಿಗೆ ಲಂಡನ್ನಿನ ಅಂಚೆಪೆಟ್ಟಿಗೆಯಲ್ಲಿ ಯಾವ ಬೆಲೆಯೂ ಇಲ್ಲ.

ಹಣ ಸಂದಾಯವಾದ ಮಾತ್ರಕ್ಕೆ ಪತ್ರಕ್ಕೆ ದಾರಿ ತಿಳಿಯುವುದಿಲ್ಲವಷ್ಟೆ. ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಹಲವು. ಒಂದೇ ಊರನ್ನು ಮಾನ್ವಿ ಎಂದೂ ಮಾನವಿ ಎಂದೂ ಬರೆಯುವವರಿದ್ದಾರೆ. ಅಸ್ಸಾಮಿನ ವಿಂಗಡಣೆಗಾರನಿಗೆ ಕನ್ನಡ ಬಾರದು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಸಂಖ್ಯೆಯು ಹೆಸರಿನ ಜಾಗದಲ್ಲಿ ಅಂಕಿಗಳನ್ನು ತಂದಿಟ್ಟಿತು. ರಾಯಚೂರಿನ ಪ್ರಧಾನ ಅಂಚೆಕಚೇರಿಯದು 584101, ದೇವದುರ್ಗದ್ದು 584111, ಮಾನ್ವಿಯದು 584123. ಮೊದಲಿನ 5 ವಲಯವನ್ನು ಹೇಳುತ್ತದೆ, 58 ಉಪವಲಯವನ್ನು, 584 ವಿಂಗಡಣೆಯ ಜಿಲ್ಲೆಯನ್ನು. ಉಳಿದ ಮೂರು ಅಂಕಿಗಳು ಬಟವಾಡೆ ಮಾಡುವ ಕಚೇರಿಯನ್ನು ತೋರಿಸುತ್ತವೆ. ದೂರದ ವಿಂಗಡಣೆಗಾರನು ಆರನ್ನೂ ಓದಬೇಕಾಗಿಲ್ಲ. ಮೊದಲಿನ ಮೂರನ್ನು ಓದಿ ರಾಯಚೂರಿನ ಚೀಲಕ್ಕೆ ಹಾಕಿದರೆ ಅವನ ಕೆಲಸ ಮುಗಿಯಿತು. ಮುಂದಿನದು ರಾಯಚೂರಿನ ಪಾಲು. ಮರದ ಬೊಡ್ಡೆಯಿಂದ ಕೊಂಬೆಗೆ, ಕೊಂಬೆಯಿಂದ ರೆಂಬೆಗೆ ಹೋಗುವಂತೆ ಪತ್ರವು ಸಾಗುತ್ತದೆ.

ನೆಲೆಯಿಲ್ಲದ ಪ್ರವಾಸಿಗಾಗಿ ಅಂಚೆಯವರು ಒಂದು ಉಪಾಯವನ್ನು ಮಾಡಿದ್ದಾರೆ. ಅದರ ಹೆಸರು ಫ್ರೆಂಚ್ ಭಾಷೆಯದು, ‘ಪೋಸ್ಟ್ ರೆಸ್ತಾಂತ್’. ಅಂಚೆಕಚೇರಿಯಲ್ಲೇ ನಿಲ್ಲತಕ್ಕ ಪತ್ರ ಎಂದು ಅರ್ಥ. ಪ್ರವಾಸಿಯ ಹೆಸರು, ಆ ಎರಡು ಪದಗಳು, ಅವನು ಮುಟ್ಟಲಿರುವ ಊರಿನ ಅಂಚೆಕಚೇರಿಯ ಹೆಸರು ಮತ್ತು ಪಿನ್ ಸಂಖ್ಯೆ, ಇಷ್ಟನ್ನು ಬರೆದರೆ ಪತ್ರವು ಕೆಲವು ದಿನಗಳ ತನಕ ಅಲ್ಲಿ ಅವನಿಗಾಗಿ ಕಾಯುತ್ತದೆ. ಗುರುತಿನ ಚೀಟಿಯನ್ನು ತೋರಿಸಿ ಅದನ್ನು ಪಡೆಯಬೇಕು. ಇಷ್ಟಾದರೂ ಒಂದು ಕೊರತೆ ಉಳಿಯಿತು. ಅವನು ಯಾವ ಊರಿಗೆ ಹೋಗುವನೆಂಬುದು ಬರೆಯುವವರಿಗೆ ಮುಂಚಿತವಾಗಿ ತಿಳಿದಿರಲೇಬೇಕು.

ದೂರವಾಣಿಯೂ ಮೊದಲು ಸ್ಥಳಕ್ಕೇ ಕಟ್ಟುಬಿದ್ದಿತ್ತು. ಟ್ರಂಕ್ ಕಾಲಿನ ದಿನಗಳಲ್ಲಿ ಕರೆಯನ್ನು ಕಾದಿರಿಸಿ ಗಂಟೆಗಟ್ಟಲೆ ಕುಳಿತಿರಬೇಕಾಗಿತ್ತು. ಸ್ವಂತ ದೂರವಾಣಿ ಇಲ್ಲದವರು ನೆರೆಯವರ ಸಂಖ್ಯೆಯ ಮುಂದೆ ‘ಪಿ.ಪಿ.’ ಎಂದು ಬರೆದು ಕೊಡುತ್ತಿದ್ದರು. ಕರೆ ಬಂದಾಗ ಆ ಮನೆಯ ಹುಡುಗನು ಓಡಿಬಂದು ಕೂಗಬೇಕು! 1960ರಲ್ಲಿ ಕಾನಪುರ ಮತ್ತು ಲಖನೌಗಳ ನಡುವೆ ದೇಶದ ಮೊದಲನೆಯ ಎಸ್.ಟಿ.ಡಿ. ಸೇವೆ ಆರಂಭವಾಯಿತು. ಅದೂ ಪಿನ್ನಿನ ಹಾಗೆ ಮರದ ಕ್ರಮವೇ: ರಾಯಚೂರಿಗೆ 8532, ದೇವದುರ್ಗಕ್ಕೆ 8531, ಮಾನ್ವಿಗೆ 8538. ದೇಶದೊಳಗೆ ಇದರ ಹಿಂದೆ ಒಂದು ಸೊನ್ನೆ ಬೇಕು. ಆ ಸೊನ್ನೆಯು ವಿಳಾಸದ ಭಾಗವಲ್ಲ. ‘ಇದು ಹೊರ ಊರಿನ ಕರೆ’ ಎಂದು ಯಂತ್ರಕ್ಕೆ ಕೊಡುವ ಸೂಚನೆ ಮಾತ್ರ. ಆದುದರಿಂದ ಹೊರದೇಶದಿಂದ ಕರೆಯುವಾಗ ಸೊನ್ನೆಯನ್ನು ಬಿಟ್ಟು, ಭಾರತದ ಸಂಖ್ಯೆಯಾದ 91ರ ನಂತರ 8532 ಎಂದೇ ಮುಂದುವರಿಯಬೇಕು. 91ರ ಹಿಂದೆ ಬರುವ ಸೂಚನೆಯು ದೇಶದಿಂದ ದೇಶಕ್ಕೆ ಬೇರೆ. ನಮ್ಮಲ್ಲಿ 00, ಅಮೆರಿಕದಲ್ಲಿ 011, ಜಪಾನಿನಲ್ಲಿ 010. ಸಂಚಾರಿ ದೂರವಾಣಿಯಲ್ಲಿ ಇವೆಲ್ಲಕ್ಕೂ ಬದಲಾಗಿ + ಚಿಹ್ನೆಯೊಂದೇ ಸಾಕು. ಊರಿನ ಸಂಖ್ಯೆಗಳನ್ನೆಲ್ಲ ಹೊರಡುವ ಮುಂಚೆಯೇ +91 ಸಹಿತ ಬರೆದಿಟ್ಟುಕೊಳ್ಳುವುದು ಜಾಣತನ.

ಇನ್ನು ಸಂಚಾರಿ ದೂರವಾಣಿಯ ವಿಚಾರ. ದೇವದುರ್ಗದಲ್ಲಿ ಕೊಂಡ ಸಂಖ್ಯೆಗೆ ತಾಯಿಯು ಕರೆದರೆ ಪುಣೆಯಲ್ಲಿರುವ ಮಗನ ಕಿಸೆಯಲ್ಲಿ ಗಂಟೆ ಬಾರಿಸುತ್ತದೆ. ಅವನು ಪುಣೆಯಲ್ಲಿರುವನೆಂದು ತಾಯಿಯು ಹೇಳಿಲ್ಲ. ಬಹುಶಃ ಆಕೆಗೆ ತಿಳಿದೂ ಇಲ್ಲ. ಹಾಗಾದರೆ ಯಂತ್ರಕ್ಕೆ ಹೇಳಿದವರಾರು? ಮಗನ ದೂರವಾಣಿಯೇ! ಪುಣೆಯಲ್ಲಿ ಅದು ಚಾಲೂ ಆದೊಡನೆ ಸಮೀಪದ ಗೋಪುರಕ್ಕೆ ತನ್ನ ಗುರುತನ್ನು ಸಾರುತ್ತದೆ. ಅಲ್ಲಿನ ಜಾಲವು ಅವನನ್ನು ತನ್ನ ಅತಿಥಿಗಳ ಪಟ್ಟಿಯಲ್ಲಿ ಬರೆದುಕೊಂಡು, ಅವನ ತವರಿನ ಜಾಲಕ್ಕೆ ‘ನಿಮ್ಮವನು ಈಗ ನಮ್ಮಲ್ಲಿದ್ದಾನೆ’ ಎಂಬ ಸುದ್ದಿಯನ್ನು ಮುಟ್ಟಿಸುತ್ತದೆ. ತವರಿನ ಜಾಲದಲ್ಲಿ ಪ್ರತಿಯೊಂದು ಸಂಖ್ಯೆಗೂ ಒಂದು ದಾಖಲೆ ಇದ್ದು, ಈ ಸುದ್ದಿಯು ಅಲ್ಲಿ ನಮೂದಾಗುತ್ತದೆ. ತಾಯಿಯ ಕರೆ ಬಂದಾಗ ಯಂತ್ರವು ಮೊದಲು ಆ ದಾಖಲೆಯನ್ನು ಕೇಳುತ್ತದೆ. ಅನಂತರ ಪುಣೆಯ ಕಡೆಗೆ ತಿರುಗುತ್ತದೆ. ಅವನು ಕೊನೆಯ ಬಾರಿ ವರದಿ ಮಾಡಿದ ಪ್ರದೇಶದ ಗೋಪುರಗಳೆಲ್ಲವೂ ಅವನನ್ನು ಕೂಗುತ್ತವೆ. ‘ಇಲ್ಲಿದ್ದೇನೆ’ ಎಂದು ಅವನ ದೂರವಾಣಿ ಓಗೊಟ್ಟ ಗೋಪುರದ ಮೂಲಕ ಮಾತು ಸಾಗುತ್ತದೆ. ಇದೆಲ್ಲವೂ ನಡೆಯುವುದು ಕೆಲವೇ ಕ್ಷಣಗಳಲ್ಲಿ. ಪೋಸ್ಟ್ ರೆಸ್ತಾಂತಿನ ಕೊರತೆಯು ಇಲ್ಲಿ ನೀಗಿತು. ಪ್ರವಾಸಿಯು ಎಲ್ಲಿಗೆ ಹೋಗುವನೆಂಬುದು ಕರೆಯುವವರಿಗೆ ತಿಳಿದಿರಬೇಕಾಗಿಲ್ಲ. ಹೋದಲ್ಲಿಂದ ಅವನ ಯಂತ್ರವು ವರದಿ ಮಾಡುತ್ತಿದ್ದರಾಯಿತು.

ಈ ಸೌಕರ್ಯದ ಬೆಲೆಯು ದೇಶದ ಗಡಿ ದಾಟಿದಾಗ ಕಾಣುತ್ತದೆ. ದುಬೈಯಲ್ಲಿರುವವನ ಭಾರತೀಯ ಸಂಖ್ಯೆಗೆ ಬಂದ ಕರೆಯು ಮೊದಲು ಭಾರತದ ಜಾಲಕ್ಕೆ ಬಂದು, ಅಲ್ಲಿಂದ ದುಬೈಗೆ ಹೋಗುತ್ತದೆ. ಈ ಎರಡನೆಯ ಹಾದಿಯ ದರವನ್ನು ಕರೆ ಸ್ವೀಕರಿಸಿದವನೇ ತೆರಬೇಕಾಗಬಹುದು. ಬಹುಕಾಲ ನಿಲ್ಲುವವನು ಅಲ್ಲಿನ ಸಿಮ್ ಒಂದನ್ನು ಪಾಸ್‌ಪೋರ್ಟ್ ತೋರಿಸಿ ಕೊಳ್ಳುವುದು ಈ ಕಾರಣದಿಂದಲೇ. ಅಪಾಯಕಾಲದಲ್ಲಿ ಮಾತ್ರ ಭಾರತದಲ್ಲಿಯೂ ಇತರ ಅನೇಕ ದೇಶಗಳಲ್ಲಿಯೂ 112 ಎಂಬ ಒಂದೇ ಸಂಖ್ಯೆ ನಡೆಯುತ್ತದೆ.

ಗುಳೆ ಹೋದವನ ದೂರವಾಣಿಯು ರೈಲಿನಲ್ಲಿ ಕಳೆದುಹೋಯಿತೆನ್ನಿ. ಊರಿನ ಸಂಖ್ಯೆಗಳೆಲ್ಲ ಅದರೊಳಗೇ ಇದ್ದರೆ, ಇನ್ನೊಬ್ಬರ ದೂರವಾಣಿಯಿಂದ ಕರೆಯುವುದಕ್ಕೂ ಅವನಿಗೆ ದಾರಿಯಿಲ್ಲ. ಮನೆಯವರ ಒಂದು ಸಂಖ್ಯೆಯಾದರೂ ಬಾಯಿಪಾಠವಾಗಿರಬೇಕು. ಇನ್ನೊಂದು ಕಾಗದದ ಮೇಲೆ ಬರೆದು ಬೇರೆ ಕಿಸೆಯಲ್ಲಿರಬೇಕು. ಅವನ ಸ್ವಂತ ಸಂಖ್ಯೆಯೇನೋ ನಿಜವಾಗಿ ಕಳೆದಿಲ್ಲ. ಅದು ಇರುವುದು ತವರಿನ ದಾಖಲೆಯಲ್ಲಿ. ಕಿಸೆಯಲ್ಲಿದ್ದ ಸಿಮ್ ಅದರ ಬೀಗದ ಕೈ ಮಾತ್ರ. ಗುರುತಿನ ಚೀಟಿಯೊಡನೆ ಹೋದರೆ ಅದೇ ಸಂಖ್ಯೆಯನ್ನು ಹೊಸ ಸಿಮ್ಮಿಗೆ ಕಟ್ಟಿಕೊಡುತ್ತಾರೆ. ಆದರೆ ಆ ದಾಖಲೆ ಯಾರ ಹೆಸರಿನಲ್ಲಿದೆಯೋ ಅವರಿಗೇ ಕೊಡುತ್ತಾರೆ. ಮೇಸ್ತ್ರಿಯ ಹೆಸರಿನಲ್ಲಿ ಕೊಂಡ ಸಿಮ್ಮನ್ನು ಬಳಸುತ್ತಿದ್ದವನು, ಮೇಸ್ತ್ರಿಯು ಜೊತೆಗೆ ಬಾರದಿದ್ದರೆ ಬರಿಗೈಯಲ್ಲಿ ಹಿಂದಿರುಗಬೇಕು. ತಾಯಿಯ ಕರೆಯು ಆ ಹಳೆಯ ಸಂಖ್ಯೆಗೇ ಹೋಗುತ್ತಿರುತ್ತದೆ.