ಹಾಲಿನ ಹಣದಲ್ಲಿ ಮುಪ್ಪಿನ ಪಾಲು



ಬೂದಿಕೋಟೆ ಕಡೆಯ ಒಂದು ಹಳ್ಳಿಗೆ ಕೆಚ್ಚಲು ಬಾವಿನ ಚಿಕಿತ್ಸೆಗೆ ಹೋಗಿದ್ದೆ. ಅರವತ್ತು ದಾಟಿದ ಅಮ್ಮ ಒಬ್ಬರು ಹಸುವಿನ ಹಗ್ಗ ಹಿಡಿದು ನಿಂತಿದ್ದರು. ಚುಚ್ಚುಮದ್ದು ಕೊಟ್ಟು, "ಮೂರ್ನಾಲ್ಕು ದಿನ ಈ ಹಾಲು ಡೇರಿಗೆ ಬೇಡ" ಎಂದೆ. ಅವರು ಕೇಳಿದರು: "ಡಾಕ್ಟ್ರೇ, ಇದೇ ನನ್ನ ಪಿಂಚಣಿ. ಇದು ನಿಂತ್ರೆ ನಾನೇನ್ ತಿನ್ಲಿ?" ಆ ಪ್ರಶ್ನೆಗೆ ನನ್ನ ಪೆಟ್ಟಿಗೆಯಲ್ಲಿ ಮದ್ದಿರಲಿಲ್ಲ. ಆದ್ದರಿಂದ ಈ ಸಲ ರಾಸುಗಳ ರೋಗದ ಬದಲು, ನಮ್ಮ ಮುಪ್ಪಿನ ಬಗ್ಗೆ ಬರೆಯುತ್ತಿದ್ದೇನೆ.

ಹಸು ಏಕೆ ಪಿಂಚಣಿ ಆಗದು?

ಮಿಶ್ರತಳಿ ಹಸು ಮೂರರಿಂದ ಐದನೇ ಸೂಲಿನವರೆಗೆ ಚೆನ್ನಾಗಿ ಕರೆಯುತ್ತದೆ. ಆಮೇಲೆ ಹಾಲು ಇಳಿಯುತ್ತದೆ. ಅದರ ಜಾಗಕ್ಕೆ ಕಡಸು ಬೆಳೆಸಬಹುದು, ನಿಜ. ಆದರೆ ಒಂದು ಹಸುವಿಗೆ ದಿನಕ್ಕೆ 20ರಿಂದ 25 ಕೆ.ಜಿ. ಹಸಿಮೇವು ಬೇಕು. ಎರಡು ಹಸು ಇದ್ದರೆ ದಿನಾ 40-50 ಕೆ.ಜಿ. ಹೊರಬೇಕು. ಮೂವತ್ತೈದರಲ್ಲಿ ಹೊರುವ ಹೊರೆಯನ್ನು ಅರವತ್ತೈದರಲ್ಲೂ ಹೊರಲು ಆಗುತ್ತದೆಯೇ?

ರೋಗದ ಭಯ ಬೇರೆ. 2013ರಲ್ಲಿ ಕಾಲುಬಾಯಿ ಜ್ವರ ನಮ್ಮ ಕೋಲಾರ ಜಿಲ್ಲೆಯ ಕೊಟ್ಟಿಗೆಗಳನ್ನು ಬರಿದು ಮಾಡಿದ್ದು ನಿಮಗೆ ನೆನಪಿರಬಹುದು. ಪಕ್ಕದ ಕೆಜಿಎಫ್‌ನಲ್ಲಿ ನೂರು ವರ್ಷಕ್ಕೂ ಮಿಗಿಲಾಗಿ ಅನ್ನ ಕೊಟ್ಟ ಚಿನ್ನದ ಗಣಿಯೂ 2001ರ ಫೆಬ್ರವರಿ 28ರಂದು ಮುಚ್ಚಿತು. ಒಂದೇ ಆದಾಯ ನಂಬಿದವರ ಪಾಡು ಏನಾಗುತ್ತದೆಂದು ನಮ್ಮ ಸೀಮೆಗೆ ಬೇರೆಯವರು ಹೇಳಬೇಕಿಲ್ಲ. ಕೈಯಲ್ಲಿ ಶಕ್ತಿ ಇರುವಾಗ ಹಾಲಿನ ಹಣದ ಒಂದು ಪಾಲನ್ನು, ಮೇವು ಕೇಳದ ಕಡೆ ಕಟ್ಟಿಹಾಕಬೇಕು.

ಮೊದಲು ಬತ್ತುಗಾಲದ ಹಣ

ಕರು ಹಾಕುವ 60 ದಿನ ಮೊದಲು ಹಸುವಿನ ಹಾಲು ಬತ್ತಿಸುತ್ತೇವೆ. ಹಾಗೆಯೇ 60 ದಿನದ ಮನೆ ಖರ್ಚು, ಹಿಂಡಿ-ಬೂಸಾ ಖರ್ಚಿನಷ್ಟು ಹಣ ಉಳಿತಾಯ ಖಾತೆಯಲ್ಲಿ ಇರಲಿ. ಇದಿಲ್ಲದೆ ದೀರ್ಘಾವಧಿಗೆ ಹಣ ಕಟ್ಟಿದರೆ, ಮೊದಲ ಕಷ್ಟಕ್ಕೇ ಅದನ್ನು ಒಡೆಯಬೇಕಾಗುತ್ತದೆ ಇಲ್ಲವೇ ಒಡವೆ ಗಿರವಿ ಇಡಬೇಕಾಗುತ್ತದೆ. ಹಸುವಿಗೆ ವಿಮೆಯೂ ಇರಲಿ, ಕಿವಿಯೋಲೆ ಬಿದ್ದರೆ ಕೂಡಲೇ ತಿಳಿಸಿ.

ಎಷ್ಟು ಉಳಿಸಬೇಕು?

ಒಂದು ಸುಲಭ ಲೆಕ್ಕ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ದಿನಕ್ಕೆ 10 ಲೀಟರ್ ಹಾಕುವವರಿಗೆ ತಿಂಗಳಿಗೆ 1,500 ರೂಪಾಯಿ ಆಗುತ್ತದೆ. ಅದನ್ನು ಹಾಲಿನ ಬಟವಾಡೆ ಜೊತೆ ಬೆರೆಸದೆ ಮುಪ್ಪಿನ ಪಾಲು ಎಂದು ಬೇರೆ ಇಡಿ. ಪ್ರೋತ್ಸಾಹಧನ ಬರುವುದು ತಡವಾದ ತಿಂಗಳು ಬಟವಾಡೆಯಿಂದಲೇ ಅಷ್ಟು ತೆಗೆಯಿರಿ.

ಎಲ್ಲಿ ಇಡಬೇಕು?

18ರಿಂದ 40 ವರ್ಷದವರಿಗೆ: 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆ. ಬ್ಯಾಂಕ್ ಅಥವಾ ಅಂಚೆ ಉಳಿತಾಯ ಖಾತೆ ಇರಬೇಕು, ಆದಾಯ ತೆರಿಗೆ ಕಟ್ಟುವವರಾಗಿರಬಾರದು. 60 ತುಂಬಿದ ಮೇಲೆ ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗೆ ಪಿಂಚಣಿ. 5,000 ಬೇಕೆಂದರೆ 25ರ ಮಗಳು ತಿಂಗಳಿಗೆ 376 ಕಟ್ಟಿದರೆ ಸಾಕು. 35ರ ತಾಯಿ 902 ಕಟ್ಟಬೇಕು, 40ಕ್ಕೆ ಸೇರಿದರೆ 1,454. ತಡ ಮಾಡಿದ್ದಕ್ಕೆ ತೆರುವ ದಂಡ ಇದು. ಮೂರು ಅಥವಾ ಆರು ತಿಂಗಳಿಗೊಮ್ಮೆಯೂ ಕಟ್ಟಬಹುದು. ಸದಸ್ಯೆ ತೀರಿಕೊಂಡರೆ ಗಂಡನಿಗೆ ಅಷ್ಟೇ ಪಿಂಚಣಿ, ಇಬ್ಬರ ನಂತರ ಗಂಟು ನಾಮಿನಿಗೆ.

ಆದರೆ ಇದೊಂದೇ ಸಾಲದು. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷಕ್ಕೆ ದುಪ್ಪಟ್ಟಾಗುತ್ತವೆ. 24 ವರ್ಷದ ನಂತರದ 5,000 ರೂಪಾಯಿಗೆ, ಇಂದು 1,250ಕ್ಕೆ ಸಿಗುವಷ್ಟೇ ಸಾಮಾನು ಬರುತ್ತದೆ.

40 ದಾಟಿದವರಿಗೆ, ಮತ್ತು ಇನ್ನಷ್ಟು ಉಳಿಸಬಲ್ಲವರಿಗೆ: ಅಂಚೆ ಕಚೇರಿ, ಬ್ಯಾಂಕುಗಳಲ್ಲಿ ಸಿಗುವ ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್. ಅವಧಿ 15 ವರ್ಷ, ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟಬೇಕು. ಬಡ್ಡಿಯನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಅದು ಶೇ. 7.1ಕ್ಕೆ ಇಳಿಯಿತು. ಆ ದರದಲ್ಲಿ ತಿಂಗಳಿಗೆ 1,000ದಂತೆ 15 ವರ್ಷ ಕಟ್ಟಿದರೆ, ಹಾಕಿದ 1 ಲಕ್ಷ 80 ಸಾವಿರ ಸುಮಾರು 3 ಲಕ್ಷ 15 ಸಾವಿರ ಆಗುತ್ತದೆ. ತಿಂಗಳ 5ನೇ ತಾರೀಕಿನೊಳಗೆ ಕಟ್ಟಿದರೆ ಆ ತಿಂಗಳ ಬಡ್ಡಿಯೂ ಸಿಗುತ್ತದೆ.

60 ದಾಟಿದವರಿಗೆ: ಬಡ ಕುಟುಂಬದವರಾದರೆ ವೃದ್ಧಾಪ್ಯ ವೇತನ, 65ರ ನಂತರ ಸಂಧ್ಯಾ ಸುರಕ್ಷಾ. ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಅದು ಆಸರೆ, ಸಂಸಾರ ನಡೆಸುವಷ್ಟಲ್ಲ.

ಎಲ್ಲಿ ಇಡಬಾರದು?

"ಐದು ವರ್ಷಕ್ಕೆ ಮೂರು ಪಟ್ಟು" ಎನ್ನುವವರ ಕೈಗೆ ಮುಪ್ಪಿನ ಹಣ ಕೊಡಬೇಡಿ. 2019ರಲ್ಲಿ ಬೆಂಗಳೂರಿನ ಐಎಂಎ ಮುಳುಗಿದಾಗ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ, ಚೀಟಿಗೆ ಅದಿಲ್ಲ. ಚೀಟಿ ಹಾಕುವುದಾದರೂ ನೋಂದಣಿ ಆದದ್ದನ್ನೇ ನೋಡಿ, ಅದೂ ವರ್ಷದೊಳಗಿನ ಅಗತ್ಯಕ್ಕೆ ಮಾತ್ರ.

ಮುಂದಿನ ಬಟವಾಡೆಗೆ ಮುಂಚೆ ಮೂರು ಕೆಲಸ

1. ಡೇರಿ ಸದಸ್ಯತ್ವ ಮತ್ತು ಹಾಲಿನ ಹಣ ಬರುವ ಖಾತೆ ನಿಮ್ಮ ಹೆಸರಿನಲ್ಲೇ ಇದೆಯೇ, ಕಾರ್ಯದರ್ಶಿಯವರನ್ನು ಕೇಳಿ. ಕರೆಯುವ ಕೈ ಒಂದು, ಖಾತೆ ಇನ್ನೊಬ್ಬರದು ಆಗಬಾರದು.
2. ಪ್ರತಿ ಖಾತೆಗೂ ನಾಮಿನಿ ಹೆಸರು ಬರೆಸಿ. ಪಾಸ್‌ಬುಕ್ ಎಲ್ಲಿದೆ ಎಂದು ಮನೆಯ ಇನ್ನೊಬ್ಬರಿಗೆ ತಿಳಿದಿರಲಿ.
3. ಉಳಿತಾಯ ತಾನಾಗಿ ಕಡಿತವಾಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ಕೈಗೆ ಬಂದ ಹಣ ಉಳಿಯುವುದು ಕಷ್ಟ.

ಆ ಅಮ್ಮನ ಹಸು ವಾಸಿಯಾಯಿತು, ಮತ್ತೆ ಹಾಲು ಡೇರಿಗೆ ಹೋಗುತ್ತಿದೆ. ಅವರ ಸೊಸೆಗೆ ಈಗ ಇಪ್ಪತ್ತೆಂಟು. ಮುಂದಿನ ಸಲ ಹೋದಾಗ ಈ ಲೆಕ್ಕವನ್ನು ಆಕೆಗೆ ಓದಿ ಹೇಳಬೇಕೆಂದಿದ್ದೇನೆ. ನೀವೂ ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಓದಿ ಹೇಳಿ.