ಲವಂಗದ ಎಣ್ಣೆ, ಬೂಷ್ಟು ಮತ್ತು ಬೇರು: ಅಂಗಾಂಶ ಕೃಷಿ ಪಾಠಕ್ಕೊಂದು ಪ್ರಯೋಗ

ಅಂಗಾಂಶ ಕೃಷಿಯ ಪಾಠದಲ್ಲಿ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಹಂತಗಳ ಚಿತ್ರಪಟ ತೋರಿಸಿ, ‘ಎಲ್ಲವೂ ಸೂಕ್ಷ್ಮಾಣುರಹಿತವಾಗಿರಬೇಕು’ ಎಂದು ಹೇಳಿ ಮುಂದೆ ಸಾಗುತ್ತಾರೆ. ಏಕೆಂಬುದು ಮಕ್ಕಳಿಗೆ ಮನವರಿಕೆಯಾಗುವುದು ಬೂಷ್ಟು ಹಿಡಿದ ಬಾಟಲಿಯನ್ನು ಕಂಡಾಗ. 1962ರ ಮುರಾಶಿಗೆ–ಸ್ಕೂಗ್ ಮಾಧ್ಯಮದಲ್ಲಿ ಲವಣಗಳ ಜೊತೆ ಲೀಟರಿಗೆ 30 ಗ್ರಾಂ ಸಕ್ಕರೆ ಇರುತ್ತದೆ. ಸಸ್ಯಕ್ಕೆ ಬಡಿಸಿದ ಈ ಎಲೆಗೆ ಮೊದಲು ಬಂದು ಕೂರುವುದು ಶಿಲೀಂಧ್ರ, ಬ್ಯಾಕ್ಟೀರಿಯಗಳು.

ಇವುಗಳ ವಿರುದ್ಧ ಬಳಸುವ ಮರ್ಕ್ಯುರಿಕ್ ಕ್ಲೋರೈಡ್ ವಿಷ, ಶಾಲೆಯೊಳಗೆ ತರುವಂಥದ್ದಲ್ಲ. ಆದ್ದರಿಂದ ಸಸ್ಯಜನ್ಯ ಸುಗಂಧ ತೈಲಗಳನ್ನು ಪರೀಕ್ಷಿಸುವುದು ತರಗತಿಗೆ ಒಪ್ಪುತ್ತದೆ. ಲವಂಗದಲ್ಲಿ ಯೂಜಿನಾಲ್, ಓಮದಲ್ಲಿ ಥೈಮಾಲ್ ಇವೆ. ಇವು ಸೂಕ್ಷ್ಮಜೀವಿಯ ಕೋಶಪೊರೆಯನ್ನು ಕೆಡಿಸಿ ಒಳಗಿನ ದ್ರವ್ಯ ಸೋರುವಂತೆ ಮಾಡುತ್ತವೆ. ಇಲ್ಲಿಗೇ ಪಾಠ ಮುಗಿದರೆ ‘ನೈಸರ್ಗಿಕವಾದದ್ದು ನಿರುಪದ್ರವಿ’ ಎಂಬ ತಪ್ಪು ಕಲ್ಪನೆಯನ್ನು ನಾವೇ ಬಿತ್ತಿದಂತೆ. ಸಸ್ಯಕೋಶಕ್ಕೂ ಪೊರೆಯಿದೆಯಲ್ಲವೇ? ಲವಂಗದ ಎಣ್ಣೆಯನ್ನು ಕಳೆನಾಶಕವಾಗಿಯೂ ಬಳಸುತ್ತಾರೆಂಬುದನ್ನು ಮಾತ್ರ ಮೊದಲೇ ಹೇಳಬಾರದು.

ಅಂಗಾಂಶದ ತುಣುಕಿನ ಬದಲು ನೀರಿನಲ್ಲಷ್ಟೇ ತೊಳೆದ ಹೆಸರುಕಾಳು ಸಾಕು. ಸಕ್ಕರೆ ಬೆರೆಸಿದ ಅಗಾರ್ ಮಾಧ್ಯಮವನ್ನು ಹತ್ತಿ ಬಿರಡೆಯ ಬಾಟಲಿಗಳಲ್ಲಿಟ್ಟು ಪ್ರೆಷರ್ ಕುಕ್ಕರಿನಲ್ಲಿ 15 ಪೌಂಡ್ ಒತ್ತಡದಲ್ಲಿ 20 ನಿಮಿಷ ಬೇಯಿಸಬೇಕು. ಎಣ್ಣೆ ಆವಿಶೀಲವಾದ್ದರಿಂದ ಅದನ್ನು ಮಾಧ್ಯಮ 50 ಡಿಗ್ರಿಗೆ ಇಳಿದ ಮೇಲೆ, ಗಟ್ಟಿಯಾಗುವ ಮುನ್ನ ಸೇರಿಸಬೇಕು. ನೀರಿನಲ್ಲಿ ಅದು ಕರಗದು, ಟ್ವೀನ್-20ರೊಡನೆ ಕಲಕಬೇಕು. 100 ಮಿಲೀ ಮಾಧ್ಯಮಕ್ಕೆ 10, 50, 100 ಮೈಕ್ರೋಲೀಟರ್ ಎಣ್ಣೆಯ ಮೂರು ಗುಂಪುಗಳಿರಲಿ. ಮೂರಕ್ಕೂ ಟ್ವೀನ್ ಒಂದೇ ಪ್ರಮಾಣದಲ್ಲಿರಲಿ. ಹೋಲಿಕೆಗೆ ಏನೂ ಬೆರೆಸದ ಒಂದು ಗುಂಪು, ಅಷ್ಟೇ ಟ್ವೀನ್ ಮಾತ್ರ ಬೆರೆಸಿದ ಇನ್ನೊಂದು ಗುಂಪು ಬೇಕು. ಟ್ವೀನ್ ಗುಂಪನ್ನು ಪ್ರಶಿಕ್ಷಣಾರ್ಥಿಗಳು ಬಿಟ್ಟುಬಿಡುವುದೇ ಹೆಚ್ಚು. ಅದಿಲ್ಲದಿದ್ದರೆ ಪರಿಣಾಮ ಎಣ್ಣೆಯದೋ ಟ್ವೀನಿನದೋ ಹೇಳಲಾಗದು. ಎಣ್ಣೆಯ ಬಾಟಲಿಗಳನ್ನು ಬೇರೆ ಪೆಟ್ಟಿಗೆಯಲ್ಲಿಡಿ. ಆವಿ ಹತ್ತಿಯ ಮೂಲಕ ಪಕ್ಕದ ಬಾಟಲಿಗೂ ತಲುಪೀತು.

ದಾಖಲೆ ಪಟ್ಟಿಯಲ್ಲಿ ಎರಡು ಕಲಂ ಕಡ್ಡಾಯ: ಬೂಷ್ಟು ಬಂತೆ? ಬೇರು ಬಂತೆ? ಒಂದು ವಾರ ನೋಡಿದ ನಂತರ ಎರಡನೇ ಅವಧಿಯಲ್ಲಿ ಚರ್ಚೆ. ಯಾವುದಾದರೂ ಬಾಟಲಿಯಲ್ಲಿ ಎರಡೂ ಇಲ್ಲದಿದ್ದರೆ, ‘ಪ್ರಯೋಗ ಯಶಸ್ವಿ’ ಎನ್ನುವ ಮಗು ತರಗತಿಯಲ್ಲಿ ಇದ್ದೇ ಇರುತ್ತದೆ. ಉತ್ತರ ಕೊಡುವ ಆತುರ ಬೇಡ. ‘ಬಾಟಲಿಯೇನೋ ಶುದ್ಧವಾಗಿದೆ, ಒಳಗೆ ಬದುಕಿರುವುದು ಯಾವುದು?’ ಎಂದು ಕೇಳಿ ಸುಮ್ಮನಿರಬೇಕು. ಪ್ರಮಾಣ ಎಂಬ ಪರಿಕಲ್ಪನೆ ಮಕ್ಕಳ ಬಾಯಿಂದಲೇ ಬರಬೇಕಾದ ಹೊತ್ತು ಅದು. ವೀಕ್ಷಕರು ಅಂಕ ಕೊಡಬೇಕಾದದ್ದೂ ಆ ಮೌನಕ್ಕೇ. ಕಳೆನಾಶಕದ ಮಾತನ್ನು ಆಮೇಲೆ ತರಬಹುದು. ಜೊತೆಗೆ, ಬಾಳೆಯಂಥ ಗಿಡದ ಅಂಗಾಂಶದೊಳಗೇ ಬ್ಯಾಕ್ಟೀರಿಯ ನೆಲೆಸಿರುತ್ತವೆ, ಹೊರಮೈ ತೊಳೆದರೆ ಅವು ಹೋಗವು ಎಂಬುದನ್ನೂ ತಿಳಿಸಬಹುದು.

ಬೂಷ್ಟು ಬಂದ ಬಾಟಲಿಯ ಬಿರಡೆಯನ್ನು ಮಕ್ಕಳು ತೆಗೆಯಬಾರದು. ಹಾಗೆಯೇ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ, ತಣಿದ ಬಳಿಕ ಶಿಕ್ಷಕರೇ ವಿಲೇವಾರಿ ಮಾಡಬೇಕು.